ನಗರಸಭೆ ತುಂಬಿದ ಮಡಿಲು

“ಗಂಡ ಹೊಡೀದೆ ಪಕ್ಕದ್ಮನೆಯೋನು ಹೊಡೀತಾನಾ? ಹೆಂಗಸು ಬಾಯಿ ಬಿಗಿ ಹಿಡ್ಕೊಂಡಿರ್ಬೇಕು,” ಎಂದ ನಗರಸಭೆಯ ಹನುಮಂತರಾಯಪ್ಪ, ನನ್ನ ಅರ್ಜಿಯ ಮೇಲೆ ಟೀ ಲೋಟ ಇಟ್ಟು.

ನನ್ನ ಎಡಗೈಯ ಪ್ಲಾಸ್ಟರ್ ಇನ್ನೂ ಒದ್ದೆಯಿತ್ತು. ಮಗ್ಗದ ಮನೆಯಲ್ಲಿ ಹತ್ತು ಗಂಟೆ ನೂಲು ಸುತ್ತಿ ಬಂದವಳಿಗೆ, ಸಾರು ತಣ್ಣಗಿದೆ ಎಂದು ನನ್ನ ಗಂಡ ಭೀಮರಾಜ ಸೌದೆಯಲ್ಲಿ ಬಾರಿಸಿ ಮೂಳೆ ಮುರಿದಿದ್ದ. ವಿಜಯಪುರದ ತವರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಣ್ಣ ಫೋನ್ ಎತ್ತುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಲು ಒಂದು ಜಾಗ. ಅದು ಕಚೇರಿಯ ಹಿಂದೆಯೇ ಇತ್ತು. ಮಹಿಳಾ ಆಶ್ರಯ ಕೇಂದ್ರ ಎಂದು ದಪ್ಪ ಅಕ್ಷರದ ಬೋರ್ಡು, ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಎಂಟು ಮಂಚ, ಹಾಸಿಗೆಯ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

“ಅದು ಓಪನಿಂಗ್ ಆಗಿಲ್ಲ. ಮಂತ್ರಿಗಳ ಡೇಟ್ ಸಿಕ್ಕಿಲ್ಲ.”

“ಮಂತ್ರಿಗಳು ಬಂದು ಮಲಗಲ್ವಲ್ಲ ಸ್ವಾಮಿ. ಬೀಗ ತೆಗೀರಿ, ನಾನು ಮಲಿಕ್ಕೊಂತೀನಿ.”

“ಮುಂಡೇದರ ಬಾಯಿ ನೋಡು. ಅವನು ಸುಮ್ನೆ ಮುರಿದಿಲ್ಲ ಬಿಡು.”

ಎರಡು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕೂತೇ ಕಳೆದೆ. ಕಾಲು ಚಾಚಿದರೆ ಸಾಕು, ಯಾವನೋ ಬೋಳಿಮಗ ಬಂದು ಪಕ್ಕದಲ್ಲಿ ಕೂರುತ್ತಿದ್ದ.

ಮೂರನೇ ದಿನ ಹೋದಾಗ ಹನುಮಂತರಾಯಪ್ಪ ತಾನೇ ಕುರ್ಚಿ ಎಳೆದು ಹಾಕಿದ. “ಕೂತ್ಕೊಳ್ಳಮ್ಮ,” ಎಂದ. ಟೀ ಬಂತು, ಜೊತೆಗೆ ಬಿಸ್ಕತ್ತು. ನನಗೆ ಅಲ್ಲೇ ಅನುಮಾನ ಬಂತು. ಮೊನ್ನೆ ಮುಂಡೇದು ಆಗಿದ್ದವಳು ಇವತ್ತು ಅಮ್ಮ ಹೇಗಾದೆ? ಬಿಸ್ಕತ್ತು ಮುಟ್ಟಲಿಲ್ಲ.

ಒಳಗಿನಿಂದ ಸಿಂಚನ ಮೇಡಂ ಬಂದರು. ಜಗಳವಾಡಿದ ಗಂಡ ಹೆಂಡತಿಯರಿಗೆ ಬುದ್ಧಿ ಹೇಳುವುದು ಅವರ ಕೆಲಸ. ಅವರ ಹಿಂದೆಯೇ ಭೀಮರಾಜ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ನಾನು ಕುರ್ಚಿಯಿಂದ ಎದ್ದೆ.

“ತಪ್ಪಾಯ್ತು ಅಂತ ಒಪ್ಕೊಂಡಿದ್ದಾರೆ ವರಲಕ್ಷ್ಮಮ್ಮ. ನಮ್ಮನ್ನೇ ತವರುಮನೆ ಅನ್ಕೊಳ್ಳಿ. ಮಡಿಲು ತುಂಬಿ ಕಳಿಸ್ತೀವಿ,” ಎಂದರು ಮೇಡಂ.

“ನಾನು ಹೋಗ್ತೀನಿ ಅಂದ್ನಾ ಮೇಡಂ?”

ಯಾರಿಗೂ ಕೇಳಿಸಲಿಲ್ಲ. ಮೇಡಂ ನನ್ನ ಸೆರಗು ಹರವಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಹಾಕಿದರು. ಹನುಮಂತರಾಯಪ್ಪ ಮೊಬೈಲ್ ಎತ್ತಿ ಹಿಡಿದ.

“ಈ ತಿಂಗಳು ನಾವು ಒಂದ್ಮಾಡಿದ್ರಲ್ಲಿ ಇವ್ರದು ಆರನೇ ಜೋಡಿ. ನಗ್ರಪ್ಪಾ ಇಬ್ರೂ.”

ಭೀಮರಾಜ ನಗುತ್ತಲೇ ನನ್ನ ಕಿವಿಗೆ ಬಾಯಿ ತಂದ. “ಮನೆಗೆ ನಡಿಯೇ ಲೌಡಿ. ಇನ್ನೊಂದ್ ಕೈ ಐತಲ್ಲ.”

ಅವನು ಬೈಕ್ ತರಲು ಗೇಟಿನತ್ತ ಹೋದ. ನಾನು ಮಡಿಲಕ್ಕಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಚೇರಿಯ ಹಿಂದಕ್ಕೆ ನಡೆದೆ. ಆಶ್ರಯ ಕೇಂದ್ರದ ಬಾಗಿಲ ಮುಂದೆ ಬಿದ್ದಿದ್ದ ಮೂರು ಇಟ್ಟಿಗೆಗಳನ್ನು ಒಂದೇ ಕೈಯಲ್ಲಿ ಒಲೆಯಂತೆ ಜೋಡಿಸಿದೆ. ಅಲ್ಲೇ ಟೀ ಅಂಗಡಿ ಇಟ್ಟಿರುವ ಅಂಜಿನಮ್ಮನನ್ನು ಒಂದು ಪಾತ್ರೆ ಕೇಳಿದೆ. ಅವಳು ನನ್ನ ಕೈ ನೋಡಿದಳು, ಸೆರಗಿನ ಅಕ್ಕಿ ನೋಡಿದಳು. ಪಾತ್ರೆ, ನೀರು, ಬೆಂಕಿಪೊಟ್ಟಣ ತಂದಳು. ಗೋಡೆಗೆ ಒರಗಿಸಿದ್ದ ಹಳೇ ಫ್ಲೆಕ್ಸಿನ ಮರದ ಚೌಕಟ್ಟನ್ನು ಕಾಲಲ್ಲಿ ಮೆಟ್ಟಿ ಮುರಿದು ಒಲೆಗೆ ತುರುಕಿದಳು.

ಹೊಗೆ ಕಂಡು ಹನುಮಂತರಾಯಪ್ಪ, ಮೇಡಂ ಇಬ್ಬರೂ ಓಡಿ ಬಂದರು.

“ಹುಚ್ಚು ಹಿಡಿದೈತೇನೇ ನಿಂಗೆ? ಸರ್ಕಾರಿ ಜಾಗ ಇದು.”

“ಮಡಿಲಕ್ಕೀನ ಹೆಣ್ಣು ಸೇರೋ ಮನೇಲಿ ಬೇಯಿಸ್ಬೇಕಲ್ಲ ಸ್ವಾಮಿ. ನಾನು ಸೇರೋ ಮನೆ ಇದೇ. ಬೀಗ ತೆಗೀರಿ, ಒಳಗೆ ಕೂತು ಉಣ್ತೀನಿ.”

“ಫೋಟೋ ಮೇಲಕ್ಕೆ ಕಳಿಸಿ ಆಗಿದೆ ವರಲಕ್ಷ್ಮಮ್ಮ,” ಎಂದರು ಮೇಡಂ. ಅವರ ಮುಖ ಬಿಳಿಚಿಕೊಂಡಿತ್ತು.

“ಇದನ್ನೂ ತೆಗೆದು ಕಳಿಸಿ.”

ಹನುಮಂತರಾಯಪ್ಪ ಪೊಲೀಸರಿಗೆ ಫೋನ್ ಮಾಡಿದ. ಗೇಟಿನಲ್ಲಿ ಭೀಮರಾಜ ಬಿಡದೆ ಹಾರನ್ ಹೊಡೆಯುತ್ತಿದ್ದ. ಭಯವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕಿ ಕುದಿಯತೊಡಗಿತು. ನಾನು ಅಂಜಿನಮ್ಮನನ್ನು ಉಪ್ಪು ಕೇಳಿದೆ.