ಪಾಸ್ಕದ ಚೀಟಿ

ಆರೋಗ್ಯಮ್ಮ ತೀರಿಕೊಂಡ ಸುದ್ದಿ ಬಂದಾಗ ಅವಳ ತಂದೆ ಅಂತೋಣಪ್ಪನ ಕೈಯಲ್ಲಿ ಚರ್ಚಿನ ಗಂಟೆಯ ಹಗ್ಗವಿತ್ತು.

ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ, ಜುಲೈ ತಿಂಗಳ ಒಂದು ಮಂಗಳವಾರ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗಿರುವ ಚಿಂತಮಾನಪಲ್ಲಿಯಲ್ಲಿ ಕಥೋಲಿಕರ ಮನೆ ಹದಿನೆಂಟು. ಅವರಿಗೊಂದು ಹೆಂಚಿನ ಚರ್ಚು, ಚರ್ಚಿಗೊಬ್ಬ ಉಪದೇಶಿ. ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲವೂ ಉಪದೇಶಿಯ ಕೆಲಸ. ಅಂತೋಣಪ್ಪ ಮೂವತ್ತೊಂದು ವರ್ಷದಿಂದ ಅಲ್ಲಿಯ ಉಪದೇಶಿ.

ಮಧ್ಯಾಹ್ನದ ಜಪಕ್ಕೆ ಮೂರು ಪೆಟ್ಟು ಹೊಡೆದು ಮುಂದಿನ ಮೂರಕ್ಕೆ ಕೈ ಎತ್ತುವಷ್ಟರಲ್ಲಿ ಸೈಕಲ್ಲು ಬಂತು. ಶಿಡ್ಲಘಟ್ಟದಲ್ಲಿ ಆರೋಗ್ಯಮ್ಮ ರೇಷ್ಮೆ ನೂಲು ತೆಗೆಯುತ್ತಿದ್ದ ಶೆಡ್ಡಿನ ವಜೀರ್ ಇಳಿದು, ಟೋಪಿ ತೆಗೆದು ಮುಂದೆ ಬಂದ.

"ಏನಪ್ಪಾ ವಜೀರ್?"

"ತಾತಾ, ಆರೋಗ್ಯಮ್ಮಕ್ಕ ಹೋಗ್ಬಿಟ್ರು. ಶುಕ್ರವಾರ ಚರಕದ ಮುಂದೇನೆ ಬಿದ್ರು, ಜ್ವರ. ನಮ್ಮ ಶೆಡ್ಡಿನ ಮಾಲೀಕ್ರು ಸಾದಿಕ್ ಪಾಷಾ ಸಾಹೇಬ್ರು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹಾಕಿದ್ರು. ನಿಮಗೆ ಹೇಳ್ಬೇಡಿ ಅಂತ ಅಕ್ಕನೇ ಹೇಳಿದ್ರು. ಇವತ್ತು ಬೆಳಗಿನ ಜಾವ..."

"ಸ್ವಾಮಿಗಳು ಬಂದಿದ್ರಾ? ಕೊನೇ ಅಭ್ಯಂಗದ ಪವಿತ್ರ ಎಣ್ಣೆ ಹಣೆಗೆ ಹಚ್ಚಿದ್ರಾ?"

"ಸ್ವಾಮಿಗಳಿಗೆ ಹೇಳಿ ಕಳಿಸಿದ್ವಿ. ಅವ್ರು ಬೆಂಗ್ಳೂರಿಗೆ ಹೋಗವ್ರಂತೆ, ಶನಿವಾರ ಬರೋದು. ಅಕ್ಕನ ಮಗಳು ರೋಜಮ್ಮ ಇದ್ದಳು ಹತ್ರ. ಮೂರು ದಿನವೂ ಸ್ಕೂಲಿನೋರು ಕಳಿಸಿಕೊಟ್ರು."

ಸ್ಕೂಲು ಎನ್ನುವ ಮಾತಿಗೆ ಅಂತೋಣಪ್ಪನ ಮುಖ ಕೆಂಡವಾಯಿತು. ಸತ್ತದ್ದು ಒಬ್ಬಳೇ ಮಗಳು. ಆದರೂ ಅವನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಊರಿನಲ್ಲಿ ಯಾರು ಸತ್ತರೂ ಸುದ್ದಿ ಬಂದ ಗಳಿಗೆಯಲ್ಲೇ ಅವರ ವಯಸ್ಸಿನಷ್ಟು ಪೆಟ್ಟು ಗಂಟೆ ಹೊಡೆಯುವುದು ಪದ್ಧತಿ. ಅವನು ಹಗ್ಗವನ್ನು ಕೈಬಿಟ್ಟ. ಮಧ್ಯಾಹ್ನದ ಜಪದ ಗಂಟೆಯೂ ಅರ್ಧಕ್ಕೆ ನಿಂತಿತು.

ಹೊಡೆಯುವ ಹಾಗಿರಲಿಲ್ಲ. ಹೊಡೆಯಬಾರದೆಂದು ಹೇಳಿದವನು ಅವನೇ.

ಎರಡು ವರ್ಷದ ಹಿಂದಿನ ಮಾತು. ಆರೋಗ್ಯಮ್ಮನ ಗಂಡ ರಾಯಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಅವಳು ಶಿಡ್ಲಘಟ್ಟದಲ್ಲಿ ಚರಕದ ಕೆಲಸ ಹಿಡಿದಿದ್ದಳು. ಮಗಳು ರೋಜಮ್ಮನಿಗೆ ಆಗ ಒಂಬತ್ತು ವರ್ಷ. ಒಂದು ದಿನ ಆರೋಗ್ಯಮ್ಮ ತಂದೆಯ ಮುಂದೆ ಬಂದು ನಿಂತಳು.

"ಅಪ್ಪಾ, ಮಗೂನ ಚಿಕ್ಕಬಳ್ಳಾಪುರದ ಮಿಷನ್ ಸ್ಕೂಲಿನ ಬೋರ್ಡಿಂಗಿಗೆ ಹಾಕ್ತೀನಿ."

"ಪ್ರೊಟೆಸ್ಟೆಂಟರ ಸ್ಕೂಲಿಗಾ? ದೇವಮಾತೆಗೆ ಕೈ ಮುಗಿಯದೋರ ಹತ್ರಕ್ಕಾ? ಉಪದೇಶಿ ಮೊಮ್ಮಗಳು?"

"ಊರ ಸ್ಕೂಲು ನಾಲ್ಕನೇ ಕ್ಲಾಸಿಗೆ ಮುಗೀತಪ್ಪ. ನಾನು ಬೆಳಿಗ್ಗೆ ಆರಕ್ಕೆ ಚರಕದ ಮುಂದೆ ಕೂತ್ರೆ ಏಳೋದು ಸಾಯಂಕಾಲ ಏಳಕ್ಕೆ. ಇವಳನ್ನ ಎಲ್ಲಿ ಬಿಡ್ಲಿ? ನನ್ನ ಬೆರಳು ನೋಡು. ಗೂಡು ಬೇಯಿಸೋ ನೀರಲ್ಲಿ ಬೆಂದು ಬೆಂದು ಹೆಂಗಾಗವೆ ನೋಡು. ಇವಳ ಬೆರಳೂ ಹಿಂಗೇ ಆಗ್ಬೇಕಾ?"

"ಬೆರಳು ಬೆಂದ್ರೆ ವಾಸಿಯಾಗುತ್ತೆ ಕಣೇ. ಆತ್ಮ ಬೆಂದ್ರೆ?"

"ಬೆಂಗ್ಳೂರಿನ ಕನ್ಯಾಸ್ತ್ರೀಯರ ಬೋರ್ಡಿಂಗಲ್ಲಿ ಎರಡು ಸಲ ಜಾಗ ಇಲ್ಲ ಅಂದ್ರು. ಇವರು ಒಂದೇ ಸಲಕ್ಕೆ ಬಾರಮ್ಮ ಅಂದ್ರು. ಜಪಸರ ಕತ್ತಲ್ಲಿ ಹಾಕ್ಕೊಂಡೇ ಇರಲಿ ಅಂದ್ರು. ಇದರಲ್ಲಿ ಪಾಪ ಎಲ್ಲಿಂದ ಬಂತು, ನೀನೇ ಹೇಳು."

ಅಂತೋಣಪ್ಪ ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಜೂನ್ ತಿಂಗಳಲ್ಲಿ ರೋಜಮ್ಮ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದಳು.

ನಲವತ್ತು ದಿನದ ಉಪವಾಸದ ತಪಸ್ಸು ಕಾಲ ಬಂತು. ಆ ಊರಿನಲ್ಲಿ ಪಾಸ್ಕ ಹಬ್ಬಕ್ಕೆ, ಎಂದರೆ ಈಸ್ಟರಿಗೆ, ಮುಂಚೆ ಉಪದೇಶಿಯು ಪ್ರಾಯಕ್ಕೆ ಬಂದ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಚೀಟಿ ಬರೆದು ಕೊಡುವುದು ರೂಢಿ. ಪಾಪನಿವೇದನೆ ಮಾಡಿದ ಮೇಲೆ ಆ ಚೀಟಿಯನ್ನು ಸ್ವಾಮಿಗಳ ಕೈಗೆ ಕೊಟ್ಟು ಸತ್ಪ್ರಸಾದ ತೆಗೆದುಕೊಳ್ಳಬೇಕು. ಚೀಟಿ ಇಲ್ಲದವರಿಗೆ ಪಾಸ್ಕವಿಲ್ಲ. ಪಾಸ್ಕ ತಪ್ಪಿಸಿಕೊಂಡವರಿಗೆ ಸಾವಿನ ಗಂಟೆ ಇಲ್ಲ, ಸಮಾಧಿ ಭೂಮಿಯ ಗೋಡೆಯೊಳಗೆ ಜಾಗವಿಲ್ಲ. ಇದು ಹಿಂದಿನಿಂದ ಬಂದ ಕಟ್ಟು. ಆ ವರ್ಷ ಅಂತೋಣಪ್ಪ ಚರ್ಚಿನ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಸೇರಿಸಿದ: "ಪ್ರೊಟೆಸ್ಟೆಂಟ್ ಸ್ಕೂಲಿಗೆ ಮಕ್ಕಳನ್ನು ಕಳಿಸಿದವರಿಗೆ ನನ್ನ ಕೈಯಿಂದ ಚೀಟಿ ಇಲ್ಲ. ನನ್ನ ಮಗಳಾದರೂ ಅಷ್ಟೇ."

ಊರು ಅವನನ್ನು ಹೊಗಳಿತು. ಆರೋಗ್ಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂದಿನ ಸಾಲಿನಿಂದ ಎದ್ದು ಹೋದಳು. ಮಾರನೆಯ ವರ್ಷವೂ ಬಂದು ಕೈ ಚಾಚಿದಳು. ಆಗಲೂ ಅವನು ಕೊಡಲಿಲ್ಲ.

ಮಂಗಳವಾರ ನಾಲ್ಕು ಗಂಟೆಗೆ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ಬಿಳಿ ಬಟ್ಟೆ ಹೊದಿಸಿದ ಆರೋಗ್ಯಮ್ಮ, ಅವಳ ತಲೆಯ ಹತ್ತಿರ ರೋಜಮ್ಮ, ಕಾಲಿನ ಹತ್ತಿರ ಪಕ್ಕದ ಚರಕದ ಖತೀಜಾ ಬೀ. ಸಾದಿಕ್ ಪಾಷಾ ಹಿಂದೆ ನಡೆದು ಬರುತ್ತಿದ್ದ. ಚರ್ಚಿನ ಮುಂದೆ ಕಥೋಲಿಕರೆಲ್ಲ ಸೇರಿದ್ದರು. ಅವರ ಯಜಮಾನ ಚೌರಪ್ಪ ಸಮಾಧಿ ಭೂಮಿಯ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ.

"ಉಪದೇಶಿಯೋರೇ, ನಮಗೂ ದುಃಖ ಐತೆ. ಆದ್ರೆ ಕಟ್ಟು ಅಂದ್ರೆ ಕಟ್ಟು. ಎರಡು ಪಾಸ್ಕ ತಪ್ಪಿಸವ್ಳೆ. ಗೋಡೆಯಾಚೆ ಕತ್ತಾಳೆ ಹತ್ರ ಗುಂಡಿ ತೋಡಿಸ್ತೀನಿ."

"ಕತ್ತಾಳೆ ಹತ್ರ," ಎಂದ ಅಂತೋಣಪ್ಪ, ಅರ್ಥವಾಗದವನಂತೆ.

"ನೀವೇ ಮೆಟ್ಟಿಲ ಮೇಲೆ ನಿಂತು ಹೇಳಿದ್ದಲ್ಲವಾ? ನನ್ನ ಮಗಳಾದ್ರೂ ಅಷ್ಟೇ ಅಂತ. ನಮ್ಮದೇನೈತೆ ಇದರಲ್ಲಿ?"

ಗಾಡಿಯ ಮೇಲಿಂದ ರೋಜಮ್ಮ ಇಳಿದು ಬಂದಳು. ಹನ್ನೊಂದು ವರ್ಷದ ಹುಡುಗಿ, ನೀಲಿ ಲಂಗ, ಕತ್ತಿನಲ್ಲಿ ಮರದ ಮಣಿಯ ಜಪಸರ. ಅದು ಅಂತೋಣಪ್ಪನೇ ಕೊಟ್ಟದ್ದು.

"ತಾತಾ, ಅಮ್ಮ ಜಪ ಹೇಳ್ಕೊಂಡೇ ಹೋದಳು. ಸ್ವಾಮಿಗಳು ಸಿಗಲಿಲ್ಲ ಅಂತ ಗೊತ್ತಾದ ಮೇಲೆ, ಪಶ್ಚಾತ್ತಾಪದ ಜಪ ಹೇಳಿಸೇ ಅಂದಳು. ನೀನು ಕಲಿಸಿದ್ಯಲ್ಲ, ಅದೇ. ಒಂದು ಮಾತೂ ಬಿಡಲಿಲ್ಲ ನಾನು. ಮೂರು ಸಲ ಹೇಳಿಸಿದೆ. ನಾಲ್ಕನೇ ಸಲ ಅರ್ಧಕ್ಕೆ ನಿಲ್ಲಿಸಿಬಿಟ್ಟಳು."

"ಅಲ್ಲಿ ನಿನ್ನನ್ನ ಅವರ ಜಪ ಹೇಳು ಅನ್ನಲಿಲ್ಲವಾ?"

"ಇಲ್ಲ ತಾತಾ. ಸ್ಕೂಲಲ್ಲಿ ಅವರು ಹಾಡೋವಾಗ ನಾನು ಸುಮ್ನೆ ನಿಂತಿರ್ತೀನಿ. ರಾತ್ರಿ ಜಪಸರ ಹೇಳ್ತೀನಿ. ಯಾರೂ ಏನೂ ಅನ್ನಲ್ಲ." ಹುಡುಗಿ ಮೂಗು ಒರೆಸಿಕೊಂಡಳು. "ಅಮ್ಮ ಒಂದು ಮಾತು ಕೇಳು ಅಂದಳು. ಈ ವರ್ಷ ಆದ್ರೂ ತಾತ ನನ್ನ ಹೆಸರಲ್ಲಿ ಚೀಟಿ ಬರೆದಿದ್ನಾ ಅಂತ."

ಅಂತೋಣಪ್ಪ ಮೊಮ್ಮಗಳ ಮುಖವನ್ನು ನೋಡಲಾರದೆ ಚೌರಪ್ಪನ ಕಡೆ ತಿರುಗಿದ.

"ಬಾಗಿಲು ಬಿಡು."

"ಹೆಂಗೆ ಬಿಡ್ಲಿ? ಇವತ್ತು ಬಿಟ್ರೆ ನಾಳೆ ಎಲ್ರೂ ಮಕ್ಕಳನ್ನ ಅಲ್ಲಿಗೇ ಕಳಿಸ್ತಾರೆ."

ಆಗ ಚರ್ಚಿನ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಪೆದ್ದಮ್ಮ ಎಲೆಯಡಿಕೆ ಉಗಿದು ಬಾಯಿ ತೆರೆದಳು.

"ಒರೇ ಚೌರಾ, ಹೋದ ತಿಂಗಳು ಹೊಸ ಅಂಗಿ ಹಾಕ್ಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ್ದು ಯಾಕೋ? ಆಲೂಗಡ್ಡೆ ಮಾರೋಕಾ?"

"ಏಮಿ ಪೆದ್ದಮ್ಮಾ, ಸುಮ್ನಿರು. ಹೆಣದ ಮುಂದೆ..."

"ಹೆಣದ ಮುಂದೇನೇ ಹೇಳ್ತೀನಿ. ನಿನ್ನ ಮೊಮ್ಮಗಳು ಲೂರ್ದಮ್ಮಂಗೆ ಅದೇ ಸ್ಕೂಲಲ್ಲಿ ಜಾಗ ಕೇಳೋಕೆ ಹೋಗಿದ್ದೆ. ಕರ್ಕೊಂಡು ಹೋಗಿ ಬಾಗಿಲು ತೋರಿಸಿದ್ದು ಯಾರು? ಇವಳೇ. ಕೂಲಿ ಬಿಟ್ಟು ಬಂದಿದ್ದಳು ನಿನ್ನ ಜೊತೆ. ಈಗ ಇವಳಿಗೇ ಬಾಗಿಲು ಅಡ್ಡ ಹಾಕ್ತೀಯ, ಸಿಗ್ಗು ನಾಚಿಕೆ ಇಲ್ಲವಾ ನಿನಗೆ?"

ಚೌರಪ್ಪನ ಕೈ ಬಾಗಿಲಿನಿಂದ ಜಾರಿತು. ಅವನೊಬ್ಬನೇ ತಲೆ ತಗ್ಗಿಸಿದ್ದರೆ ಅಂತೋಣಪ್ಪನಿಗೆ ಆ ಗಳಿಗೆಯಲ್ಲಿ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತೇನೋ. ಆದರೆ ಹಿಂದೆ ನಿಂತ ಇನ್ನೂ ಮೂರು ಮನೆಯವರು ನೆಲ ನೋಡುತ್ತಿದ್ದರು. ಅವರೆಲ್ಲರೂ ಆರೋಗ್ಯಮ್ಮನ ಹತ್ತಿರ ಹೋಗಿದ್ದರು. ಊಟಕ್ಕೆ ಗೋಧಿ ರವೆ ಹಾಕ್ತಾರಾ, ಮಕ್ಕಳನ್ನ ಹೊಡೀತಾರಾ, ನಮ್ಮ ಜಾತಿ ಕೆಡಿಸ್ತಾರಾ ಎಂದು ಕೇಳಿದ್ದರು. ಅವಳು ಎಲ್ಲರಿಗೂ ಹೇಳಿದ್ದಳು. ತನ್ನ ಅಪ್ಪನೊಬ್ಬ ಮಾತ್ರ ಕೇಳಿರಲಿಲ್ಲ.

"ಥೂ!" ಎಂದು ಕೂಗಿದ ಅಂತೋಣಪ್ಪ. "ನಾನು ಮೆಟ್ಟಿಲ ಮೇಲೆ ನಿಂತು ಹೇಳಿದಾಗ ಭೇಷ್ ಅಂದ್ರಲ್ಲೋ! ನನ್ನ ಬೆನ್ನು ತಟ್ಟಿದ್ರಲ್ಲೋ! ಒಬ್ಬರಾದ್ರೂ, ಉಪದೇಶೀ, ನಿನ್ನ ಮಗಳು ಕಷ್ಟದಲ್ಲವ್ಳೆ ಅಂದ್ರಾ? ಹಗಲು ನನ್ನ ಹತ್ರ ಭಕ್ತಿ, ಕತ್ತಲಾದ್ರೆ ಅವಳ ಹತ್ರ ಆ ಸ್ಕೂಲಿನ ವಿಳಾಸ!"

ಅವನು ಚರ್ಚಿನೊಳಗೆ ಹೋಗಿ ಚೀಟಿಯ ಮರದ ಡಬ್ಬಿಯನ್ನು ತಂದು ಎಲ್ಲರ ಮುಂದೆ ತೆರೆದ. ತಳದಲ್ಲಿ ಎರಡು ಚೀಟಿಗಳಿದ್ದವು. ಎರಡರಲ್ಲೂ ಅವನದೇ ದುಂಡು ಅಕ್ಷರ: ಆರೋಗ್ಯಮ್ಮ, ರಾಯಪ್ಪನ ಹೆಂಡತಿ. ಎರಡು ವರ್ಷವೂ ಅವನು ಬರೆದಿದ್ದ. ಮಗಳ ಹೆಸರು ಬಿಡಲು ಕೈ ಬಂದಿರಲಿಲ್ಲ. ಕೊಡಲೂ ಕೈ ಬಂದಿರಲಿಲ್ಲ.

"ಬರೆದಿದ್ದೆ ಮಗಾ," ಎಂದ ರೋಜಮ್ಮನಿಗೆ. ಮತ್ತೆ ಜನರ ಕಡೆ ತಿರುಗಿದ. ಧ್ವನಿ ಇಳಿದಿರಲಿಲ್ಲ, ಇನ್ನೂ ಏರಿತ್ತು.

"ಕೇಳಿ ಎಲ್ಲರೂ. ಮೊದಲನೇ ವರ್ಷ ನಾನು ಸ್ವಾಮಿಗಳನ್ನ ಕೇಳಿದ್ದೆ. ಚೀಟಿ ಕೊಡಬೇಡ ಅಂತ ಅವರು ಅನ್ನಲಿಲ್ಲ. ಅಂಥ ಸ್ಕೂಲಿಗೆ ಮಕ್ಕಳನ್ನ ಕಳಿಸೋಕೆ ಅಪ್ಪಣೆ ಕೊಡೋರು ಬಿಷಪ್ಪರು, ಕಾರಣ ಇದ್ರೆ ಕೊಡ್ತಾರೆ, ಮಗಳನ್ನ ನನ್ನ ಹತ್ರ ಕಳಿಸು, ವಿಚಾರಿಸಿ ಬರೀತೀನಿ ಅಂದ್ರು. ನಾನು ಕಳಿಸಲಿಲ್ಲ. ಅವಳಿಗೆ ಹೇಳಲೂ ಇಲ್ಲ. ಉಪದೇಶಿ ಮಗಳು ಅಪ್ಪಣೆ ಕೇಳೋಕೆ ಹೋದ್ರೆ ನನ್ನ ಮರ್ಯಾದೆ ಏನಾಗುತ್ತೆ ಅಂದ್ಕೊಂಡೆ. ಈ ಪಾಸ್ಕಕ್ಕೆ ಸ್ವಾಮಿಗಳು ಮತ್ತೆ ಕೇಳಿದ್ರು. ಅವಳೇ ಬರಲಿಲ್ಲ ಅಂದೆ. ಸುಳ್ಳು ಹೇಳಿದೆ, ಅದೂ ಪೀಠದ ಮುಂದೆ ನಿಂತು. ಪಾಸ್ಕ ತಪ್ಪಿಸಿದ್ದು ಅವಳಲ್ಲ, ನಾನು. ಗೋಡೆಯಾಚೆ ಹಾಕೋದಾದ್ರೆ ನನ್ನನ್ನ ಹಾಕಿ. ಇವಳು ಒಳಗೆ ಮಲಗ್ತಾಳೆ, ಗಂಡನ ಪಕ್ಕದಲ್ಲಿ. ಯಾರಾದ್ರೂ ಅಡ್ಡ ಬಂದ್ರೆ ಈ ಮುದಿ ಕೈಯಲ್ಲೇ ಬಾಗಿಲು ಮುರೀತೀನಿ!"

ಯಾರೂ ಅಡ್ಡ ಬರಲಿಲ್ಲ. ಚೌರಪ್ಪ ತಾನೇ ಬಾಗಿಲು ತೆರೆದು ಗುದ್ದಲಿ ತರಲು ಹೋದ. ಅವನ ಕಣ್ಣಲ್ಲಿ ನೀರಿತ್ತು. ಅಂತೋಣಪ್ಪ ಅದನ್ನು ನೋಡಿದ, ಆದರೆ ಕ್ಷಮಿಸಲಿಲ್ಲ. ಕ್ಷಮಿಸುವಷ್ಟು ದೊಡ್ಡವನು ತಾನಲ್ಲವೆಂದು ಅವನಿಗೆ ಅವತ್ತು ತಿಳಿದಿತ್ತು.

ಅವನು ಗಂಟೆಯ ಹಗ್ಗ ಹಿಡಿದ. ಒಂದು ಪೆಟ್ಟು, ಒಂದು ವರ್ಷ. ಆರೋಗ್ಯಮ್ಮನಿಗೆ ಮೂವತ್ತನಾಲ್ಕು. ಅವಳು ಹುಟ್ಟಿದ್ದು, ಜ್ಞಾನಸ್ನಾನದಲ್ಲಿ ತೀರ್ಥ ಬಿದ್ದಾಗ ಕಿರುಚಿದ್ದು, ಏಳನೇ ವರ್ಷದಲ್ಲಿ ಜಪವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ ನಕ್ಕದ್ದು, ಒಂದೊಂದು ಪೆಟ್ಟಿಗೂ ನೆನಪಾಯಿತು. ಮೂವತ್ತಮೂರನೆಯ ಮತ್ತು ಮೂವತ್ತನಾಲ್ಕನೆಯ ಪೆಟ್ಟು ತಾನು ಕಿತ್ತುಕೊಂಡ ಎರಡು ವರ್ಷ. ಅವೆರಡನ್ನು ಅವನು ಹಗ್ಗ ಹರಿಯುವಂತೆ ಎಳೆದ. ಹೊಲಗಳಲ್ಲಿದ್ದ ಬೇರೆ ಮತದ ರೈತರು ಬಯ್ಯಪ್ಪ, ಆವುಲಪ್ಪನವರೂ ಗುದ್ದಲಿ ಕೆಳಗಿಟ್ಟು ಚರ್ಚಿನ ಕಡೆ ಮುಖ ಮಾಡಿ ನಿಂತರು.

ಮಣ್ಣಿಗಿಳಿಸುವ ಮುಂಚೆ ಅಂತೋಣಪ್ಪ ಬಟ್ಟೆ ಸರಿಸಿ ಮಗಳ ಕೈ ಹಿಡಿದುಕೊಂಡ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ ಬಿರಿದಿದ್ದವು. ಆ ಬೆರಳುಗಳ ನಡುವೆ ಎರಡೂ ಚೀಟಿಗಳನ್ನು ಇಟ್ಟು ಮಡಿಸಿದ.

"ಶನಿವಾರ ಸ್ವಾಮಿಗಳು ಬರ್ತಾರೆ," ಎಂದ ರೋಜಮ್ಮನಿಗೆ. "ಅವರ ಮುಂದೆ ಮೊಣಕಾಲೂರಿ ನನ್ನ ಪಾಪ ಹೇಳ್ಕೊತೀನಿ, ನಿನ್ನ ಸ್ಕೂಲಿಗೆ ಬಿಷಪ್ಪರ ಅಪ್ಪಣೆಗೂ ಬರೆಸ್ತೀನಿ. ಸೋಮವಾರ ನಿನ್ನನ್ನ ಸ್ಕೂಲಿಗೆ ಬಿಡೋಕೆ ನಾನೇ ಬರ್ತೀನಿ."

"ನೀನು ಅಲ್ಲಿಗೆ ಬರ್ತೀಯಾ ತಾತಾ?"

"ಬರ್ತೀನಿ ಕಣಮ್ಮಾ. ನಿಮ್ಮಮ್ಮ ನಡೆದ ದಾರಿ ಅದು."

ಮಣ್ಣು ಬಿತ್ತು. ಸಾದಿಕ್ ಪಾಷಾ ಕೂಡ ಮೂರು ಹಿಡಿ ಹಾಕಿದ. ಅಂತೋಣಪ್ಪ ಪುಸ್ತಕ ತೆರೆಯಲಿಲ್ಲ. ಸಿಟ್ಟು ಇನ್ನೂ ಎದೆಯಲ್ಲಿ ಉರಿಯುತ್ತಿತ್ತು. ಆ ಉರಿಯಲ್ಲೇ ಕೈ ಜೋಡಿಸಿದ.

"ಕರ್ತನೇ, ಇವಳ ಚೀಟಿ ಇವಳ ಕೈಯಲ್ಲಿದೆ, ನೋಡಿಕೋ. ಮೂವತ್ತೊಂದು ವರ್ಷ ನಿನ್ನ ಬಾಗಿಲು ಕಾದೆನೆಂದು ಬೀಗಿದವನು ನಾನು. ನಿನ್ನ ಮಗಳನ್ನೇ ಹೊರಗೆ ನಿಲ್ಲಿಸಿದೆ. ಲೆಕ್ಕ ಕೇಳುವುದಿದ್ದರೆ ನನ್ನನ್ನು ಕೇಳು, ಇವಳನ್ನು ಏನೂ ಕೇಳಬೇಡ. ಬೆಂದ ಈ ಬೆರಳುಗಳನ್ನು ನಿನ್ನ ಕೈಯಲ್ಲಿ ಹಿಡಿದುಕೋ. ಅರ್ಧಕ್ಕೆ ನಿಂತ ಇವಳ ಜಪವನ್ನು ದೇವಮಾತೆ ಪೂರ್ತಿ ಮಾಡಲಿ. ಈ ಜೀವ ಬಹಳ ದಣಿದಿದೆ, ತಂದೆಯೇ. ನಿನ್ನ ಬೆಳಕಿನಲ್ಲಿ, ನಿನ್ನ ಗೋಡೆಯೊಳಗೆ, ನನ್ನ ಆರೋಗ್ಯಮ್ಮನಿಗೆ ಶಾಂತಿ ಕೊಡು. ಆಮೆನ್."