ರಟ್ಟಿನ ಮೇಲಿನ ಮೂರು ಹನಿ

ಮಿಶಿಗನ್ನಿನ ಗೆರಿಟ್ ದಿನಾ ಬೆಳಿಗ್ಗೆ ತನ್ನ ಐವತ್ತೇಳನೇ ಇಸವಿಯ ಹಳೇ ಕಾರಿನಡಿ ಹಾಸಿದ್ದ ರಟ್ಟನ್ನು ಎಳೆದು ನೋಡುತ್ತಿದ್ದ. ಎಣ್ಣೆಯ ಕಲೆ ಇದ್ದೇ ಇರುತ್ತಿತ್ತು. ಎರಡು ವರ್ಷ ಕೂತು ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದ್ದ, ಅದು ಹೊಗೆ ಕಾರುವುದನ್ನೂ ನಿಲ್ಲಿಸಿದ್ದ. ಆದರೂ ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗುತ್ತಲೇ ಇತ್ತು. ಎದುರುಮನೆಯ ಡೆಲ್ಬರ್ಟನ ಅಂಥದೇ ಕಾರಿನಡಿ ಒಂದು ಹನಿಯೂ ಇಲ್ಲ. ಅದು ನೆನಪಾದಾಗಲೆಲ್ಲ ಗೆರಿಟನ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲೇ ಮುಚ್ಚಳದ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದ.

ಶನಿವಾರ ಡೆಲ್ಬರ್ಟನೇ ಬಂದು ಬಗ್ಗಿ ನೋಡಿದ.

"ಏನಯ್ಯಾ, ಬೋಲ್ಟಿನ ಮೇಲೆ ಹಗೆ ತೀರಿಸ್ಕೊಳ್ತಿದ್ದೀಯಾ? ಬಿಗಿದೂ ಬಿಗಿದೂ ತಗಡೇ ಸೊಟ್ಟಗಾಗಿದೆ!"

ತಾನೇ ಮುಚ್ಚಳ ಬಿಚ್ಚಿ, ಸುತ್ತಿಗೆಯಿಂದ ಅಂಚನ್ನು ತಟ್ಟಿ ಮಟ್ಟಮಾಡಿ, ಎಣ್ಣೆ ಸೋರದಂತೆ ಅದರಡಿ ಹೊಸ ಕಾರ್ಕ್ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಹಗುರವಾಗಿ ತಿರುಗಿಸಿ, ಶಿಳ್ಳೆ ಹಾಕುತ್ತಾ ಹೋದ.

ಮರುದಿನ ರಟ್ಟಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಗೆರಿಟ್ ಅದನ್ನೇ ದಿಟ್ಟಿಸಿದ. ಎರಡು ವರ್ಷದ ತನ್ನ ಎಂಜಿನ್ನು ಅರ್ಧ ಗಂಟೆಯಲ್ಲಿ ಡೆಲ್ಬರ್ಟನದಾಗಿ ಹೋಗಿತ್ತು.

"ಸೋರೋದು ನಿಲ್ತೇನಯ್ಯಾ?" ಡೆಲ್ಬರ್ಟ್ ರಸ್ತೆಯಾಚೆಯಿಂದ ಕೂಗಿದ.

ಗೆರಿಟ್ ಹಳೆ ಎಣ್ಣೆಯ ಡಬ್ಬ ಎತ್ತಿ, ರಟ್ಟಿನ ಮೇಲೆ ಮೂರು ಹನಿ ಬಿಟ್ಟ.

"ಎಲ್ಲಿ ನಿಲ್ತು ಮಾರಾಯಾ! ನೀನೇ ಬಂದು ನೋಡು."