ಇಬ್ಬರಿಗೆ ಆಗುವಷ್ಟು ಜಾಗ

ಡಾಕ್ಟರು "ಹೆಚ್ಚೆಂದರೆ ದೀಪಾವಳಿಯವರೆಗೆ" ಎಂದ ದಿನದಿಂದ ಹೊಸಪೇಟೆಯ ಕೊಟ್ರಮ್ಮನ ಮನೆಯಲ್ಲಿ ಎಲ್ಲರೂ ವಿಪರೀತ ನಗತೊಡಗಿದ್ದರು. ಮಗ ಮನೋಹರ ಅವಳ ಮಂಚದೆದುರಿಗೇ ಹೊಸ ಟಿವಿ ತಂದಿಟ್ಟ. ಸೊಸೆ ಐಶ್ವರ್ಯ ಹೊತ್ತಿಗೊಂದು ಬಗೆಯ ಗಂಜಿ ಕಾಯಿಸಿದಳು. ಮುದುಕಿ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಸಾವಿಗೆ ಅಂಜಿದ್ದಾಳೆಂದು ಎಲ್ಲರೂ ತಿಳಿದರು. ಎಪ್ಪತ್ತೆಂಟು ವರ್ಷ ಉಂಡುಟ್ಟು ಬಾಳಿದ ಹೆಂಗಸು ಸಾವಿಗೇಕೆ ಅಂಜಬೇಕು? ಅವಳ ಚಿಂತೆಯೇ ಬೇರೆ. ಗಂಡನನ್ನು ಗಾದಿಗನೂರಿನ ತಮ್ಮ ಹೊಲದಲ್ಲೇ ಮಣ್ಣು ಮಾಡಿ ಗದ್ದಿಗೆ ಕಟ್ಟಿದ್ದರು. ಆ ಹೊಲವನ್ನು ಮನೋಹರ ಎರಡು ವರ್ಷದ ಹಿಂದೆ ಅದಿರು ಸುರಿಯಲು ಕೊಟ್ಟಿದ್ದ. ಲಾರಿಗಳ ನಡುವೆ ಗದ್ದಿಗೆ ಉಳಿದಿದೆಯೋ ಇಲ್ಲವೋ, ಪಕ್ಕದಲ್ಲಿ ತನಗೆ ಜಾಗವುಂಟೋ ಇಲ್ಲವೋ. ಕೇಳಲು ಬಾಯಿ ತೆರೆದರೆ ಸಾಕು, "ಅಂಥ ಮಾತು ಆಡಬ್ಯಾಡಬೇ" ಎಂದು ಮಗ ಟಿವಿಯ ದನಿ ಏರಿಸುತ್ತಿದ್ದ.

ಒಂದು ಬೆಳಿಗ್ಗೆ ಮಲಪನಗುಡಿಯಿಂದ ಹಳೆಯ ಗೆಳತಿ ಜಂಬಮ್ಮ ಬಂದಳು. ಟಿವಿ ಆರಿಸಿ, ಮಂಚದ ಮೇಲೆ ಕುಳಿತು, ಎಲೆಯಡಿಕೆ ಚೀಲ ಬಿಚ್ಚಿದಳು.

"ಹೋಗಾಕಿ ಅದಿ ಅಂತ ನನಗೂ ಗೊತ್ತೈತಿ, ನಿನಗೂ ಗೊತ್ತೈತಿ. ಏನು ಕೊರಗು ಐತಿ, ಅದನ್ನ ಹೇಳು."

ಆರು ವಾರದಲ್ಲಿ ಯಾರೂ ಕೇಳದ ಪ್ರಶ್ನೆ. ಕೊಟ್ರಮ್ಮ ಮನಸಾರೆ ಅತ್ತಳು, ಎಲ್ಲ ಹೇಳಿದಳು. ಬಾಗಿಲಲ್ಲಿ ನಿಂತು ಕೇಳಿದ ಮನೋಹರ ಜೀಪು ತೆಗೆದು ಇಬ್ಬರನ್ನೂ ಗಾದಿಗನೂರಿಗೆ ಕರೆದೊಯ್ದ.

ಹೊಲದ ತುಂಬ ಅದಿರಿನ ಕೆಂಪು ಗುಡ್ಡೆಗಳು. ಮೂಲೆಯ ಬೇವಿನ ಮರದ ಕೆಳಗೆ ಮಾತ್ರ ಸುತ್ತ ಗೋಡೆ, ಒಳಗೆ ಗಂಡನ ಗದ್ದಿಗೆ. ಅದರ ಪಕ್ಕ ಅಷ್ಟೇ ಅಗಲದ ಜಾಗ ಖಾಲಿಯಿತ್ತು.

"ಹೊಲ ಕೊಡೂವಾಗ್ಲೇ ಕಟ್ಟಿಸೀನಿ," ಮನೋಹರ ನೆಲ ನೋಡುತ್ತ ಹೇಳಿದ. "ಹೆಂಗ ಹೇಳ್ಲಿ? ಅವ್ವ ಸಾಯ್ಲಿ ಅಂತ ಕಾಯಾಕ ಹತ್ಯಾನ ಅಂತ ನೀ ತಿಳ್ಕೊಂಡ್ರ?"

ಕೊಟ್ರಮ್ಮ ಆ ಖಾಲಿ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು, ತಮ್ಮವರಲ್ಲಿ ಮಣ್ಣು ಮಾಡುವಾಗ ಕೂರಿಸುವ ಹಾಗೆಯೇ. ಮಗ ಹೌಹಾರಿದ. ಅವಳು ಆಚೆ ಈಚೆ ಗೇಣು ಹಾಕಿ ಅಳೆದಳು.

"ನಿಮ್ಮಪ್ಪ ಇದ್ದಾಗ ಮಂಚದಾಗ ನನಗ ಇಷ್ಟು ಜಾಗ ಬಿಟ್ಟಿದ್ದಿಲ್ಲ."

ಜಂಬಮ್ಮನ ಬಾಯಿಯ ಎಲೆಯಡಿಕೆ ನಗುವಿನಲ್ಲಿ ಹೊರಗೆ ಚಿಮ್ಮಿತು. ಮನೋಹರ ನಕ್ಕ, ನಗುತ್ತಲೇ ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತ.

"ಗಂಜಿ ಸಾಕಾಗೇತಿ. ದಾರ್ಯಾಗ ಬಿಸಿ ಮಿರ್ಚಿ ಬಜ್ಜಿ ಕೊಡಸು," ಎಂದಳು ಕೊಟ್ರಮ್ಮ ಅವನ ತಲೆ ಸವರುತ್ತ. "ಮನಿಗೆ ಹೋಗಿ ಆ ಟಿವಿ ತೆಗಿ. ಅಲ್ಲಿ ಕುರ್ಚಿ ಹಾಕ್ಕೊಂಡು ನೀ ಕುಂದ್ರು."

ದೀಪಾವಳಿ ಬರುವವರೆಗೂ ಆ ಕುರ್ಚಿ ಖಾಲಿ ಬೀಳಲಿಲ್ಲ.